ಸರದಿಯಲ್ಲಿ ಬಂದ ಮಾತ್ರೆ

ಸಂಶಯಪಡುವುದಕ್ಕೆಂದೇ ಸಂಬಳ ಕೊಡುವ ಉದ್ಯೋಗಗಳು ಲೋಕದಲ್ಲಿ ಕೆಲವೇ ಇವೆ. ಪೊಲೀಸರದು ಒಂದು, ಬ್ಯಾಂಕಿನಲ್ಲಿ ಸಹಿಗೆ ಸಹಿ ಹೋಲಿಸಿ ನೋಡುವವರದು ಇನ್ನೊಂದು, ಮೂರನೆಯದು ನನ್ನದು. ಕೊಚ್ಚಿಯ ಹೊರವಲಯದ ಒಂದು ಕಾರು ಕಾರ್ಖಾನೆಯಲ್ಲಿ ನಾನು ಕಡೆಯ ತಪಾಸಣೆಯವನು. ಬಣ್ಣ ಬಳಿಸಿಕೊಂಡು, ಚಕ್ರ ತೊಟ್ಟುಕೊಂಡು, ಹಸೆಮಣೆಗೆ ಹೊರಟ ಹಾಗೆ ಬಂದು ನಿಲ್ಲುವ ಹೊಸ ಕಾರಿನ ಬಾಗಿಲನ್ನು ಎರಡು ಸಲ ತೆಗೆದು ಹಾಕಿ, ಸೀಟು ಒತ್ತಿ, ಗಾಜಿನ ಅಂಚಿನಲ್ಲಿ ಬೆರಳಾಡಿಸಿ, 'ಆಗಬಹುದು' ಎಂದೋ 'ಆಗದು' ಎಂದೋ ಹೇಳಬೇಕು. ಇಪ್ಪತ್ತೆರಡು ವರ್ಷಗಳಿಂದ ನಾನು ಹೆಚ್ಚಾಗಿ ಹೇಳಿರುವುದು 'ಆಗದು' ಎಂದೇ. ನನ್ನ ಹೆಂಡತಿ ಶಾರದೆಗೆ ಇದರಲ್ಲಿ ಆಶ್ಚರ್ಯವಿಲ್ಲ. "ಮೈಸೂರಿಗೆ ಹೆಣ್ಣು ನೋಡೋಕೆ ಬಂದಾಗ್ಲೇ ನಮ್ಮನೆ ಬಾಗಿಲನ್ನ ಎರಡು ಸಲ ತೆಗೆದು ಹಾಕಿದ್ರು ಇವ್ರು. ನಮ್ಮಪ್ಪ, ಹುಡುಗ ಬಡಗಿನಾ ಅಂತ ಕೇಳಿದ್ರು" ಎಂದು ಬಂದವರಿಗೆಲ್ಲ ಹೇಳುತ್ತಾಳೆ.

ಇಂಥ ನಾನು ಸಂಶಯಪಡದೆ ಒಪ್ಪಿಕೊಳ್ಳುವುದು ಒಂದನ್ನು ಮಾತ್ರ: ಸರದಿಯಲ್ಲಿ ಬಂದದ್ದನ್ನು. ಅದಕ್ಕೆ ಕಾರಣ ಕಾರ್ಖಾನೆಯ ಸಂಸ್ಕಾರ. ನಮ್ಮ ಲೈನಿನಲ್ಲಿ ಕಾರುಗಳು ಒಂದರ ಹಿಂದೊಂದು ಬರುತ್ತವೆ: ಕೆಂಪು, ಬಿಳಿ, ಮತ್ತೆ ಬಿಳಿ, ನೀಲಿ. ಪಕ್ಕದ ಹಳಿಯಲ್ಲಿ ಅದೇ ಕ್ರಮದಲ್ಲಿ ಅವುಗಳ ಸೀಟುಗಳು ಬರುತ್ತವೆ. ಸೀಟು ಕೂರಿಸುವವನು ಚೀಟಿ ಓದುತ್ತಾ ನಿಲ್ಲುವುದಿಲ್ಲ. ಮುಂದಿನ ಸೀಟನ್ನು ಎತ್ತುತ್ತಾನೆ, ಮುಂದಿನ ಕಾರಿಗೆ ಕೂರಿಸುತ್ತಾನೆ. ಓದುತ್ತಾ ನಿಂತರೆ ಲೈನು ನಿಲ್ಲುತ್ತದೆ, ಲೈನು ನಿಂತರೆ ಪ್ರಳಯ. ಒಮ್ಮೆ ಎಲ್ಲೋ ಒಂದು ಸೀಟು ತಪ್ಪಿಹೋಗಿ, ಅದರ ಹಿಂದಿನ ಕಾರುಗಳೆಲ್ಲ ಪಕ್ಕದ ಮನೆಯವರ ಬಟ್ಟೆ ತೊಟ್ಟವರ ಹಾಗೆ ಹೊರಬಂದದ್ದುಂಟು. ಆದರೂ ನಮ್ಮ ನಂಬಿಕೆ ಅಲುಗಲಿಲ್ಲ. ಮುಂದೆ ಬಂದದ್ದು ನನ್ನದೇ, ಇದು ನಮ್ಮ ಧರ್ಮ.

ಈ ಧರ್ಮವನ್ನು ಆಡಳಿತದವರು ಕಾರ್ಖಾನೆಯ ಒಳಗಿನ ಫಾರ್ಮಸಿಗೂ ವಿಸ್ತರಿಸಿದರು. ಗೇಟಿನ ಪಕ್ಕದಲ್ಲಿ ನೌಕರರಿಗೆಂದೇ ಇರುವ ಪುಟ್ಟ ಔಷಧದಂಗಡಿ ಅದು. ನಡೆಸುವವರು ರಮಣಿ ಚೇಚಿ, ಅಂದರೆ ನಮ್ಮ ಕಡೆಯ ಲೆಕ್ಕದಲ್ಲಿ ರಮಣಿಯಕ್ಕ. ಬಿ.ಪಿ., ಸಕ್ಕರೆ, ಮಂಡಿನೋವು ಎಂದು ತಿಂಗಳು ತಿಂಗಳೂ ಮಾತ್ರೆ ಒಯ್ಯುವ ನಮ್ಮಂಥವರು ಮೊದಲ ಶನಿವಾರ ಶಿಫ್ಟು ಮುಗಿದ ಕೂಡಲೇ ಅಲ್ಲಿ ಮುತ್ತಿಕೊಳ್ಳುತ್ತಿದ್ದೆವು, ಕಂಪನಿ ಬಸ್ಸುಗಳು ಕಾದು ಕಾದು ಹಾರನ್ ಹೊಡೆಯುತ್ತಿದ್ದವು. ಆದ್ದರಿಂದ ಹೊಸ ಕ್ರಮ ಬಂತು. ಎಲ್ಲರಿಗೂ ಶಾಶ್ವತವಾದ ಸರದಿ ಸಂಖ್ಯೆ. ಅದೇ ಕ್ರಮದಲ್ಲಿ ಪೊಟ್ಟಣಗಳನ್ನು ಇಳಿಜಾರು ಹಲಗೆಯ ಮೇಲೆ ಜೋಡಿಸಿಟ್ಟಿರುತ್ತಾರೆ. ನಾವು ಸಾಲಾಗಿ ನಡೆಯುತ್ತಾ ಒಬ್ಬೊಬ್ಬರೂ ಒಂದೊಂದು ಎತ್ತಿಕೊಂಡರೆ ಮುಗಿಯಿತು. ಪೊಟ್ಟಣದ ಮೇಲೆ ಹೆಸರಿದೆ, ನಿಜ. ಆದರೆ ಅದನ್ನು ಓದುವುದೆಂದರೆ ವ್ಯವಸ್ಥೆಯ ಮೇಲೆ ಅವಿಶ್ವಾಸ ನಿರ್ಣಯ ಮಂಡಿಸಿದ ಹಾಗೆ. ನಾವು ಯಾರೂ ಅಂಥವರಲ್ಲ.

ಕಳೆದ ಮಳೆಗಾಲದ ಒಂದು ಶನಿವಾರ ಪೇಂಟ್ ವಿಭಾಗದ ಶಶಿ ತಂಗಿಯ ಮದುವೆಗೆಂದು ರಜೆ ಹಾಕಿದ್ದ. ಸರದಿಯಲ್ಲಿ ಅವನ ಹಿಂದಿನವರು ಉತ್ಪಾದನಾ ಮ್ಯಾನೇಜರ್ ಕುರಿಯನ್, ಅವರ ಹಿಂದೆ ನಾನು. ಕುರಿಯನ್ ಬಗ್ಗೆ ಒಂದು ಮಾತು ಹೇಳಬೇಕು. ಕಾರುಗಳನ್ನು ಹೊರಗೆ ತಳ್ಳುವುದು ಅವರ ಕೆಲಸ, ತಡೆಯುವುದು ನನ್ನದು. ಬಾಗಿಲಿನ ಒಂದೇ ರೆಕ್ಕೆಯನ್ನು ಎರಡು ಕಡೆಯಿಂದ ನೂಕುವವರಲ್ಲಿ ಎಷ್ಟು ಸ್ನೇಹ ಇರಬಹುದೋ ಅಷ್ಟು ಸ್ನೇಹ ನಮ್ಮಲ್ಲಿತ್ತು. ಆ ಸಂಜೆ ಶಶಿಯ ಪೊಟ್ಟಣವನ್ನು ಕುರಿಯನ್ ಎತ್ತಿಕೊಂಡರು, ಕುರಿಯನ್ನರದನ್ನು ನಾನು, ನನ್ನದನ್ನು ನನ್ನ ಹಿಂದಿನವನು. ಕೊನೆಯಲ್ಲಿ ಒಂದು ಪೊಟ್ಟಣ ಉಳಿಯಿತು. ಅದು ರಜೆಯಲ್ಲಿರುವ ಶಶಿಯದೇ ಎಂದು ರಮಣಿ ಚೇಚಿ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಇದೆಲ್ಲ ನಮಗೆ ಆಮೇಲೆ ತಿಳಿದದ್ದು.

ನನ್ನ ಮಾತ್ರೆ ಗ್ಯಾಸ್ಟ್ರಿಕ್ಕಿನದು, ದಿನಾ ಬೆಳಿಗ್ಗೆ ಬರಿಹೊಟ್ಟೆಗೆ. ಕಲೂರಿನ ನಮ್ಮ ಮನೆಯಲ್ಲಿ ಪೊಟ್ಟಣ ಹರಿದು ಬಿಸಾಕಿ, ಮಾತ್ರೆಗಳನ್ನು ವಾರದ ಡಬ್ಬಿಗೆ ತುಂಬುವುದು ಶಾರದೆಯ ಇಲಾಖೆ. "ಏನ್ರೀ, ಈ ಸಲ ಚಿಕ್ಕದಾಗಿದೆ?" ಎಂದಳು. "ಕಂಪನಿ ಬದಲಾಗಿರುತ್ತೆ" ಎಂದೆ. ಅದು ಸುಳ್ಳೂ ಅಲ್ಲ. ಫಾರ್ಮಸಿಯಲ್ಲಿ ಮಾತ್ರೆಯ ಕಂಪನಿ ಆಗಾಗ ಬದಲಾಗುತ್ತದೆ, ಅದರೊಂದಿಗೆ ಬಣ್ಣ ಗಾತ್ರಗಳೂ. 'ಮದ್ದು ಅದೇ ಸಾರೇ' ಎಂದು ಚೇಚಿ ಎಷ್ಟು ಸಲ ಹೇಳಿದ್ದಾರೋ.

ಭಾನುವಾರದಿಂದಲೇ ನನ್ನ ಬಾಳಿನಲ್ಲಿ ಒಂದು ಅಪೂರ್ವವಾದ ಶಾಂತಿ ಇಳಿಯಿತು. ಸೋಫಾದಲ್ಲಿ ಕೂತಲ್ಲೇ ಕಣ್ಣು ಮುಚ್ಚುತ್ತಿತ್ತು. ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರಿಸುವ ನಮ್ಮ ಮಗಳು ಗಾಬರಿಯಲ್ಲಿ ಕನ್ನಡದಲ್ಲೇ "ಅಮ್ಮಾ, ಅಪ್ಪ ನನ್ನ ಬೈಲೇ ಇಲ್ಲ" ಎಂದಳು. ಸೋಮವಾರ ಕಾರ್ಖಾನೆಯಲ್ಲಿ ಮೊದಲನೆಯ ಕಾರಿನ ಬಾಗಿಲನ್ನು ಒಂದೇ ಸಲ ತೆಗೆದು ಹಾಕಿದೆ. ಚೆನ್ನಾಗಿಯೇ ಇತ್ತು. ಎರಡನೆಯದೂ ಚೆನ್ನಾಗಿತ್ತು. ಮೂರನೆಯದರ ಸೀಟು ಒತ್ತಿ ನೋಡಲು ಕುಳಿತವನು ತುಸು ಹೊತ್ತು ಅಲ್ಲೇ ಉಳಿದೆ. ಅದಂತೂ ಬಹಳ ಚೆನ್ನಾಗಿತ್ತು. ಮಂಗಳವಾರ ಸಂಜೆಯ ಹೊತ್ತಿಗೆ ನಾನು ತಡೆದ ಕಾರು ಒಂದೂ ಇರಲಿಲ್ಲ. ಕುರಿಯನ್ ಮೊದಲು ಹಿಗ್ಗಿದರು, ಆಮೇಲೆ ಹೆದರಿದರು. ಚಾಯ್ ಹೊತ್ತಿಗೆ ನನ್ನ ಬಳಿ ಬಂದು, "ರಾವ್ ಸಾರೇ, ಮನೆಯಲ್ಲಿ ಎಲ್ಲರೂ ಕ್ಷೇಮವೋ? ನನ್ನ ಮೇಲೆ ಏನಾದರೂ ಮೇಲಿನವರಿಗೆ ಬರೆದಿದ್ದೀರೋ?" ಎಂದು ಕೇಳಿದರು. ನಾನು ಮುಗುಳ್ನಕ್ಕೆ. ನಾನು ನಕ್ಕದ್ದನ್ನು ಅವರು ಅದೇ ಮೊದಲ ಸಲ ನೋಡಿದ್ದು. ಚಾಯ್ ಅರ್ಧಕ್ಕೇ ಬಿಟ್ಟು ಹೋದರು.

ಬುಧವಾರ ಕುರಿಯನ್ ತಿರುವನಂತಪುರಕ್ಕೆ, ಶ್ರೀಕಾರ್ಯಂನ ನಮ್ಮ ಮುಖ್ಯ ಕಚೇರಿಯ ಮೀಟಿಂಗಿಗೆ ಹೊರಟರು. ನಾನು ಹಿಂದಿನ ದಿನ ಪಾಸು ಮಾಡಿದ ಹೊಚ್ಚಹೊಸ ಕಾರಿನಲ್ಲೇ ಹೋದರು. ಮರುದಿನ ಬೆಳಿಗ್ಗೆ ಬಿಳಿಚಿಕೊಂಡ ಮುಖದಲ್ಲಿ ನನ್ನೆದುರು ಬಂದು ನಿಂತು, ಯಾವ ಉತ್ಪಾದನಾ ಮ್ಯಾನೇಜರೂ ಈವರೆಗೆ ಆಡದ ಮಾತು ಆಡಿದರು: "ಸಾರೇ, ಕಾರು ಸರಿಯಿಲ್ಲ. ದೋಣಿಯ ಹಾಗೆ ತೂಗುತ್ತದೆ. ಆಲಪ್ಪುಳ ದಾಟುವುದರೊಳಗೆ ಮೂರು ಸಲ ನಿಲ್ಲಿಸಿದೆ."

ನಾನು ಆ ಕಾರನ್ನು ಡ್ರೈವರನಿಂದ ಅಂಗಳದಲ್ಲಿ ಎರಡು ಸುತ್ತು ಓಡಿಸಿ, ಹಿಂದಿನ ಸೀಟಿನಲ್ಲಿ ಕುಳಿತು ನೋಡಿದೆ. "ಎಲ್ಲಿ ತೂಗುತ್ತೆ? ಹಿತವಾಗಿದೆ" ಎಂದೆ. ಉತ್ಪಾದನೆಯವನು ಕಾರು ಕೆಟ್ಟಿದೆ ಎನ್ನುತ್ತಾನೆ, ತಪಾಸಣೆಯವನು ಚೆನ್ನಾಗಿದೆ ಎನ್ನುತ್ತಾನೆ! ಸೂರ್ಯ ಯಾವ ಕಡೆ ಹುಟ್ಟಿದನೆಂದು ನೋಡಲು ಜನ ನಿಜವಾಗಿಯೂ ಹೊರಗೆ ಹೋದರೋ ಏನೋ. ಆ ವಾರದ ಕಾರುಗಳನ್ನೆಲ್ಲ ಲಾರಿಗೆ ಹತ್ತಿಸದೆ ಅಂಗಳದಲ್ಲೇ ನಿಲ್ಲಿಸಿದರು. ನನ್ನ ಮಂಪರಿನ ಆಳದಲ್ಲೂ ಒಂದು ಮುಳ್ಳು ಚುಚ್ಚಿತು. ಕುರಿಯನ್ ಹೇಳಿದ್ದು ನಿಜವಾದರೆ? ನನ್ನಲ್ಲಿರುವ ಆಸ್ತಿಯೆಂದರೆ ಕಣ್ಣು ಒಂದೇ. ಇಪ್ಪತ್ತೆರಡು ವರ್ಷದ ಹೆಸರು ನಿಂತಿರುವುದು ಅದರ ಮೇಲೆ. ಅದು ಹೋಯಿತೇ?

ಶುಕ್ರವಾರ ಶಶಿ ಮದುವೆ ಮುಗಿಸಿಕೊಂಡು ಬಂದ. ರಮಣಿ ಚೇಚಿ ಬೀರುವಿನಿಂದ ಪೊಟ್ಟಣ ತೆಗೆದುಕೊಟ್ಟರು. ಅವನು ಪೇಂಟ್ ವಿಭಾಗದವನು. ಅಲ್ಲಿ ಪ್ರತಿ ಡಬ್ಬಿಯ ಚೀಟಿ ಓದದೆ ಮುಚ್ಚಳ ತೆಗೆಯುವ ಹಾಗಿಲ್ಲ. ಆ ಕೆಟ್ಟ ಚಾಳಿಯಿಂದಾಗಿ ಅವನು ಹೆಸರು ಓದಿಬಿಟ್ಟ. "ಚೇಚೀ, ನಾನು ಯಾವಾಗ ಅಕೌಂಟ್ಸಿನ ಲತಿಕಾ ಮೇಡಂ ಆದೆ?" ಲತಿಕಾ ಮೇಡಂ ಸರದಿಯ ಕಟ್ಟಕಡೆಯವರು.

ಅರ್ಧ ಗಂಟೆಯಲ್ಲಿ ಚೇಚಿ ನನ್ನ ಮುಂದಿದ್ದರು, ಕಣ್ಣಲ್ಲಿ ನೀರು. "ಸಾರೇ, ನೀವು ಆರು ದಿನದಿಂದ ತಿನ್ನುತ್ತಿರುವುದು ಪ್ರಯಾಣದಲ್ಲಿ ವಾಂತಿ ಬರದಿರಲೆಂದು ಕೊಡುವ ಮಾತ್ರೆ. ಅದನ್ನು ತಿಂದರೆ ನಿದ್ದೆ ಬರುತ್ತದೆ."

"ಯಾರದು?"

ಸರದಿಯಲ್ಲಿ ನನ್ನ ಮುಂದಿದ್ದವರು ಕುರಿಯನ್ ಎಂದು ಚೇಚಿ ಹೇಳಬೇಕಾದ ಅಗತ್ಯವಿರಲಿಲ್ಲ. ದೇವರೇ! ವರ್ಷಕ್ಕೆ ಸಾವಿರಾರು ಕಾರು ಹೊರತಳ್ಳುವ ಮನುಷ್ಯನಿಗೆ ಕಾರಿನಲ್ಲಿ ಕೂತರೆ ತಲೆ ಸುತ್ತುತ್ತದೆ!

"ನನ್ನ ಕೆಲಸ ಹೋಗುತ್ತದಾ ಸಾರೇ?" ಎಂದರು ಚೇಚಿ.

"ನಿಮ್ಮದು ಆಮೇಲೆ. ಮೊದಲು ನನ್ನದು" ಎಂದು ಎದ್ದೆ. ಸುಮ್ಮನಿದ್ದುಬಿಡಬಹುದಿತ್ತು. ಕಾರು ತೂಗುತ್ತಿಲ್ಲ, ತೂಗಿದ್ದು ಶಶಿಯ ಮಾತ್ರೆ ನುಂಗಿ ಹೊರಟ ಕುರಿಯನ್ನರ ಹೊಟ್ಟೆ ಎಂದು ಈಗ ಗೊತ್ತಾಗಿತ್ತಲ್ಲ. ಆದರೆ ನಾನು ಅರೆನಿದ್ದೆಯಲ್ಲಿ ದಾಟಿಸಿದ ಕಾರುಗಳಲ್ಲಿ ಯಾರದೋ ಹೆಂಡತಿ ಮಕ್ಕಳು ಕೂರುತ್ತಾರೆ. ಕುರಿಯನ್ನರ ಕೋಣೆಗೆ ಹೋದೆ. ನನ್ನ ಮಾತು ಕೇಳುತ್ತಲೇ ಅವರೇ ಎದ್ದು ಬಾಗಿಲು ಹಾಕಿದರು. ಆ ಬಾಗಿಲು ಸರಿಯಾಗಿ ಕೂರುತ್ತಿರಲಿಲ್ಲ, ಆದರೆ ಅದು ಹೇಳುವ ಸಮಯವಲ್ಲ.

"ಇದು ಯಾರಿಗೆಲ್ಲ ಗೊತ್ತು?" ಎಂದರು.

"ನನಗೆ, ಚೇಚಿಗೆ, ನನ್ನ ಹೊಟ್ಟೆಗೆ."

"ನನ್ನ ಹೆಂಡತಿಗೂ ಗೊತ್ತಿಲ್ಲ ಸಾರೇ. ಎಡಪ್ಪಳ್ಳಿಯ ಮಾಲ್‌ಗೆ ಹೋಗುವುದಾದರೂ ಮೆಟ್ರೋದಲ್ಲೇ ಕರೆದುಕೊಂಡು ಹೋಗುತ್ತೇನೆ, ಪಾರ್ಕಿಂಗ್ ಸಿಗುವುದಿಲ್ಲ ಎಂದು ಹೇಳಿ." ಮೇಜಿನ ಮೇಲಿದ್ದ ಕಾರುಗಳ ಬೀಗದಕೈಗಳನ್ನು ನನ್ನತ್ತ ತಳ್ಳಿ, "ಕಾರುಗಳನ್ನೆಲ್ಲ ಮತ್ತೊಮ್ಮೆ ನೋಡಿಬಿಡಿ. ನಾನು ಅಡ್ಡ ಬರುವುದಿಲ್ಲ" ಎಂದರು.

ನನ್ನ ಹಿಂದಿನವರಿಗೆಲ್ಲ ಚೇಚಿ ಅಂದೇ ಅವರವರ ಮಾತ್ರೆ ಮುಟ್ಟಿಸಿದರು, ಪುಣ್ಯಕ್ಕೆ ಯಾರಿಗೂ ಹೆಚ್ಚಿನ ತೊಂದರೆಯಾಗಿರಲಿಲ್ಲ. ಚೇಚಿಯ ಕೆಲಸ ಉಳಿಯಿತು; ಸರದಿ ಕ್ರಮ ಉಳಿಯಲಿಲ್ಲ. ಈಗ ಹೆಸರು ಕೂಗಿ ಕೊಡುತ್ತಾರೆ. ಇನ್ನು ಕಾರುಗಳು. ನಮ್ಮ ತೀರ್ಮಾನದ ಕೆಳಗೆ ನಾವು ಒತ್ತುವುದು ಹೆಸರನ್ನಲ್ಲ, ಒಂದು ಸಂಖ್ಯೆಯ ಮೊಹರನ್ನು; ಮರುತಪಾಸಣೆಗೆ ಬೇರೆ ಮೊಹರು, ಬೇರೆ ಸಂಖ್ಯೆ, ಅದು ನಿಯಮ. ನಾನು ನನ್ನದೇ ಮಾತ್ರೆ ನುಂಗಿ, ಪೂರ್ತಿ ಎಚ್ಚರದಲ್ಲಿ, ಟಾರ್ಚು ಹಿಡಿದು ಮೂರು ದಿನ ಆ ಕಾರುಗಳನ್ನು ಜಾಲಾಡಿದೆ. ನನ್ನ ಕಣ್ಣು ಎಲ್ಲಿಗೂ ಹೋಗಿರಲಿಲ್ಲ! ಅರ್ಧಕ್ಕರ್ಧ ಕಾರುಗಳು 'ಆಗದು' ಆದವು. ಒಂದರ ಬಾಗಿಲು ಮುಚ್ಚುವಾಗ ಸದ್ದು ಸ್ವಲ್ಪ ಮೊಂಡು, ಇನ್ನೊಂದರ ಗಾಜಿನ ಅಂಚು ಅರೆಕೂದಲಷ್ಟು ಸೊಟ್ಟ. ಒಂದು ಕಡೆ ಭಯವಾಯಿತು, ಇನ್ನೊಂದು ಕಡೆ, ಸುಳ್ಳೇಕೆ, ಪರಮಾನಂದವೂ ಆಯಿತು.

ಎರಡು ಮೊಹರುಗಳು ಹೀಗೆ ಒಂದಕ್ಕೊಂದು ತಿರುಗಿಬಿದ್ದದ್ದರಿಂದ ಮುಖ್ಯ ಕಚೇರಿಯವರು ಯಂತ್ರಗಳ ಸಮೇತ ಒಬ್ಬ ಅಧಿಕಾರಿಯನ್ನು ಕಳಿಸಿದರು. ಅವರು ಎಲ್ಲ ಕಾರುಗಳನ್ನೂ ಅಳೆದರು. ಯಾವ ಮೊಹರು ಯಾರದೆಂದು ಕೇಳಲಿಲ್ಲ. ನಿಷ್ಪಕ್ಷಪಾತಕ್ಕಾಗಿ ಮೊಹರಿನ ಸಂಖ್ಯೆ ಮಾತ್ರ ನೋಡುವುದು ಅವರ ಪದ್ಧತಿಯಂತೆ. ಮುಂದಿನ ವಾರ ವರದಿ ಬಂತು. ಯಾವ ಕಾರಿನಲ್ಲೂ ದೋಷವಿಲ್ಲ, ಎಲ್ಲವೂ ಮಿತಿಯೊಳಗೇ ಇವೆ. ಮೊದಲ ಮೊಹರಿನವರ ತೀರ್ಮಾನ ಅತ್ಯಂತ ಸಮತೂಕದ್ದು. ಎರಡನೆಯ ಮೊಹರಿನವರಲ್ಲಿ ಅನುಭವದ ಕೊರತೆಯೂ ಅನಗತ್ಯ ಆತಂಕವೂ ಕಾಣುತ್ತದೆ. ಆದ್ದರಿಂದ ಅವರನ್ನು ಮೂರು ತಿಂಗಳ ಕಾಲ ಮೊದಲನೆಯವರ ಕೈಕೆಳಗೆ ತರಬೇತಿಗೆ ಹಾಕತಕ್ಕದ್ದು.

ಕುರಿಯನ್ ಅದನ್ನು ಎರಡು ಸಲ ಓದಿ, ನಗದೆ, ಸಹಿ ಹಾಕಿ, ನನ್ನ ಕೈಗೆ ಕೊಟ್ಟರು. ಆಜ್ಞೆ ಆಜ್ಞೆಯೇ. ಮೇಲಿನವರಿಗೆ ತಿದ್ದಿ ಹೇಳಬೇಕಾದರೆ ಮಾತ್ರೆಗಳ ಕತೆಯನ್ನೆಲ್ಲ ಹೇಳಬೇಕಾಗುತ್ತದೆ. ಕುರಿಯನ್ನರ ಮಾನ ಹೋಗುತ್ತದೆ, ಚೇಚಿಯ ಕೆಲಸ ಮತ್ತೆ ತೂಗಾಡುತ್ತದೆ. ಆದ್ದರಿಂದ ತರಬೇತಿ ನಡೆಯುತ್ತಿದೆ. ಪ್ರತಿ ಸೋಮವಾರ ಪ್ರಗತಿ ವರದಿಯನ್ನು ನಾನೇ ಬರೆದು, ತರಬೇತುದಾರನ ಜಾಗದಲ್ಲೂ ತರಬೇತಿ ಪಡೆಯುವವನ ಜಾಗದಲ್ಲೂ ನಾನೇ ಸಹಿ ಹಾಕುತ್ತೇನೆ. ಎರಡು ತಿಂಗಳು ಕಳೆದಿವೆ. ಶಿಷ್ಯ ಮಹಾ ಮೊಂಡ, ಹೇಳಿದ್ದು ಒಂದೂ ತಲೆಗೆ ಹತ್ತುವುದಿಲ್ಲ. ಗುರುಗಳನ್ನು ಕೇಳೋಣವೆಂದರೆ, ಆ ವಾರ ಅವರು ಏನು ನೋಡಿದರು, ಹೇಗೆ ನೋಡಿದರು ಎಂಬುದು ಅವರಿಗೆ ಒಂದಿಷ್ಟೂ ನೆನಪಿಲ್ಲ.