ಮಣ್ಣಿಗೆ ಹೋಗದವನ ಕುರ್ಚಿ

ಜಗಳೂರಿನ ಒಂದು ಸರ್ಕಾರಿ ಕಚೇರಿಯ ಸೂಪರಿಂಟೆಂಡೆಂಟ್ ಕುರ್ಚಿಗಾಗಿ ಹಿರಿಯ ಗುಮಾಸ್ತ ತಿಪ್ಪೇರುದ್ರಸ್ವಾಮಿಯವರು ಹನ್ನೊಂದು ವರ್ಷ ತಪಸ್ಸು ಮಾಡಿದ್ದರು. ಕುರ್ಚಿಗೆ ಚಕ್ರವಿತ್ತು, ಮೆತ್ತೆಯಿತ್ತು, ಎದುರಿಗೆ ಉಕ್ಕಿನ ಮೇಜಿತ್ತು. (ಮೆತ್ತೆಯ ಮೇಲೆ ಚಿಕ್ಕಹನುಮಂತಪ್ಪನವರೂ ಇದ್ದರು, ಅದೊಂದೇ ತೊಂದರೆ.) ಬೆಳಗಾದರೆ ಸ್ವಾಮಿಯವರು ಅಕ್ಕರೆಯಿಂದ ವಿಚಾರಿಸುತ್ತಿದ್ದರು: "ಎದೆನೋವು ಗಿದೆನೋವು ಏನಿಲ್ಲ ತಾನೇ, ಸಾರ್?"

ಸಂಕ್ರಾಂತಿಯ ಹಿಂದಿನ ವಾರ ನೋವು ಬಂದೇ ಬಂತು. ಕಚೇರಿಗೆ ಕಚೇರಿಯೇ ಚಿಕ್ಕಹನುಮಂತಪ್ಪನವರ ಊರು ಸೊಕ್ಕೆಗೆ, ಅವರ ಮಣ್ಣಿಗೆ ಹೋಯಿತು. ಸ್ವಾಮಿಯವರು ಮಾತ್ರ ಕರ್ತವ್ಯಪರಾಯಣರಾಗಿ ಹಿಂದೆ ಉಳಿದು, ಕುರ್ಚಿಯ ಎತ್ತರವನ್ನು ತಮ್ಮ ಕಾಲಿಗೆ ಸರಿಮಾಡಿಕೊಂಡರು.

ಮರುದಿನ ಹೊಸ ಸ್ವೆಟರ್ ತೊಟ್ಟು ಸಿಂಹಾಸನಾರೋಹಣ ಮಾಡಿ ಡ್ರಾಯರ್ ಮುಟ್ಟಿದರೋ ಇಲ್ಲವೋ, ಬೆರಳಿಗೆ ಚುರ್! ಎದ್ದು ಬೀರು ಮುಟ್ಟಿದರೆ ಮತ್ತೆ ಚುರ್! ಎಲೆಕ್ಟ್ರಿಷಿಯನ್ ಬಂದು ಟೆಸ್ಟರ್ ಇಟ್ಟು, "ಈ ಮೇಜಿಗೆ ವೈರೇ ಬಂದಿಲ್ಲ ಸಾರ್" ಎಂದು ಹೋದ.

ನೆಲ ಒರೆಸುತ್ತಿದ್ದ ಅಟೆಂಡರ್ ಕರಿಯಕ್ಕ ತಲೆಯೆತ್ತಿದಳು. "ನೀವೊಬ್ರೇ ಮಣ್ಣಿಗೆ ಬರ್ಲಿಲ್ಲ ನೋಡ್ರಿ. ಮೂರು ಹಿಡಿ ಮಣ್ಣು ಹಾಕಾಕೆ ಏನಾಗಿತ್ತು?"

"ಕೆಲಸ ಇತ್ತು ಕರಿಯಕ್ಕ."

"ಅವ್ರಿಗೂ ಇನ್ನೂ ಕೆಲಸ ಐತೇನೋ. ಎದ್ದು ಹೋದಂಗೆ ಕಾಣಾಕಿಲ್ಲ."

ಸ್ವಾಮಿಯವರು ಮೇಜಿನ ಮೇಲೆ ಮಂಡಕ್ಕಿ, ಮೆಣಸಿನಕಾಯಿ ಬೋಂಡಾ ಎಡೆ ಇಟ್ಟು, ಮೆತ್ತಗೆ ಮೇಜು ಮುಟ್ಟಿ ಕ್ಷಮೆ ಕೇಳಿದರು. ಚುರ್!

ಮನೆಯಲ್ಲಿ ಹೆಂಡತಿ ದುರ್ಗಾಂಬಿಕಾ ಕನಿಕರವನ್ನೇನೂ ತೋರಿಸಲಿಲ್ಲ. "ಹನ್ನೊಂದು ವರ್ಷ ನೀವು ಅವರ ಸಾವು ಕಾದ್ರಿ. ಈಗ ಅವ್ರು ನಿಮ್ದು ಕಾಯ್ತಾ ಅದಾರೆ. ಬಿಟ್ಟುಬಿಡ್ರಿ ಆ ಕುರ್ಚಿನ."

ಒಂಬತ್ತನೆಯ ದಿನ ಸ್ವಾಮಿಯವರು 'ಅನಾರೋಗ್ಯ ನಿಮಿತ್ತ ಸ್ವಇಚ್ಛೆಯಿಂದ ಹಳೆಯ ಜಾಗಕ್ಕೇ ಮರಳುತ್ತೇನೆ' ಎಂದು ಬರೆದುಕೊಟ್ಟರು. ಹನ್ನೊಂದು ವರ್ಷದಲ್ಲಿ ಸಾಹೇಬರು ಅಷ್ಟು ಬೇಗ ಸಹಿ ಹಾಕಿದ ಕಾಗದ ಅದೊಂದೇ. ಕುರ್ಚಿ ಕಿರಿಯ ಗುಮಾಸ್ತ ಕೆಂಚೇಶನ ಪಾಲಾಯಿತು. ಸ್ವಾಮಿಯವರು ಸೊಕ್ಕೆಗೆ ಹೋಗಿ, ಸಮಾಧಿಯ ಮೇಲೆ ಮೂರು ಹಿಡಿ ಮಣ್ಣು ಹಾಕಿ, ನಿಜಕ್ಕೂ ಅತ್ತು, ಹಗುರಾಗಿ ಮನೆಗೆ ಬಂದರು.

ಇಷ್ಟು ದಿನ ಕಚೇರಿಯಲ್ಲೇ ಬಿಚ್ಚಿಟ್ಟು ಬರುತ್ತಿದ್ದ ಸ್ವೆಟರನ್ನು ತಲೆಯ ಮೇಲಿಂದ ಎಳೆದರು. ಚಟಪಟ ಕಿಡಿ ಹಾರಿತು. ಗಾಬರಿಯಾಗಿ ಸ್ಟೀಲಿನ ಕೊಡ ಹಿಡಿದುಕೊಂಡರು. ಚುರ್!

"ಮನೆಗೂ ಬಂದ್ರು ಕಣೇ!"

"ಯಾರೂ ಬಂದಿಲ್ಲ. ಸ್ವೆಟರಿಂದು ಅದು. ಸಂತೇಲೇ ಬಡ್ಕಂಡೆ, ನೈಲಾನ್ ಐತೆ, ಈ ಒಣಚಳೀಗೆ ಬ್ಯಾಡ ಅಂತ. ಕುರ್ಚಿಗೆ ಒಪ್ಪುತ್ತೆ ಅಂದ್ರಿ."

ಮರುದಿನ ಹತ್ತಿಯ ಅಂಗಿಯ ಕೆಂಚೇಶ್ ಡ್ರಾಯರ್ ತೆಗೆದ, ಬೀರು ತೆಗೆದ, ಏನೂ ಆಗಲಿಲ್ಲ. ಬಗ್ಗಿ ಕುರ್ಚಿಯ ಎತ್ತರವನ್ನು ತನ್ನ ಕಾಲಿಗೆ ಸರಿಮಾಡಿಕೊಂಡ.

ಮೂಲೆಯ ಮರದ ಸ್ಟೂಲಿನಿಂದ ಸ್ವಾಮಿಯವರು ಅಕ್ಕರೆಯಿಂದ ವಿಚಾರಿಸಿದರು: "ಎದೆನೋವು ಗಿದೆನೋವು ಏನಿಲ್ಲ ತಾನೇ, ಕೆಂಚೇಶ್?"