ಕೆ ಪಾಲ್ಲೆ ಎಂದರೆ ರುಚಿಯೆಂದು

ಮೇಸ್ತ್ರಿಗೆ ಇಟಾಲಿಯನ್ ಕಲಿಯುವ ಆಸೆಯೇನೂ ಇರಲಿಲ್ಲ. ಅವನಿಗೆ ಯಾವುದರ ಆಸೆಯೂ ಇಲ್ಲವೆಂಬುದು ಹೆಂಡತಿಯ ಹಳೆಯ ದೂರು. ಆದರೆ ಅವನು ದುಡಿಯುವ ಬೂಟಿನ ಕಾರ್ಖಾನೆಗೆ ಇಟಲಿಯಿಂದ ಹೊಲಿಗೆ ಯಂತ್ರಗಳು ಬಂದವು. ಅವನ್ನು ಜೋಡಿಸಲು ಬೆನ್ನಿಗೇ ಅಲ್ಲಿಯವನೇ ಒಬ್ಬ ಮೆಕ್ಯಾನಿಕ್ ಬಂದ.

"ಅವನು ಯಾರನ್ನ ತೋರಿಸ್ತಾನೋ ಅವರ ಕೈಗೆ ಹೊಸ ಯಂತ್ರ. ಉಳಿದೋರು ಗೋದಾಮಿಗೆ," ಎಂದ ಮಾಲೀಕ.

ಗೋದಾಮೆಂದರೆ ಕಿಟಕಿಯಿಲ್ಲದ, ಹಸಿ ಚರ್ಮದ ವಾಸನೆಯ ಕೋಣೆ. ಒಳಹೊಕ್ಕವರು ಹೊರಬರುವುದು ನಿವೃತ್ತಿಯಾದಾಗಲೇ.

ಮೆಕ್ಯಾನಿಕ್‌ನ ಮನಸ್ಸು ಗೆಲ್ಲಲು ಮೇಸ್ತ್ರಿ ಫೋನಿನಲ್ಲಿ ಪಾಠ ಹುಡುಕಿದ. ವ್ಯಾಕರಣ ಕಬ್ಬಿಣದ ಕಡಲೆಯಾಯಿತು. ಬೀದಿಯ ಆಡುಮಾತು ಮಾತ್ರ ನಾಲಿಗೆಗೆ ಸಲೀಸಾಗಿ ಹತ್ತಿತು (ಗೊಣಗಾಟಕ್ಕೆ ವಿಭಕ್ತಿ ಪ್ರತ್ಯಯ ಬೇಕಿಲ್ಲವಲ್ಲ). ಭುಜ ಎತ್ತಿ 'ಬೊ' ಎಂದರೆ 'ಯಾರಿಗೆ ಗೊತ್ತು'. 'ಕೆ ಪಾಲ್ಲೆ' ಎಂದರೆ 'ಎಂಥ ರಗಳೆ, ಸಾಕಾಯ್ತು'. ಅದರ ಶಬ್ದಾರ್ಥ ಸಂಸಾರವಂದಿಗರ ಮುಂದೆ ಹೇಳುವಂಥದ್ದಲ್ಲ.

ಕಲಿತ ವಿದ್ಯೆಯ ಮೊದಲ ಪ್ರಯೋಗ ಮನೆಯ ಮೇಲೆಯೇ ಆಯಿತು. "ನಲ್ಲಿ ಸೋರ್ತಿದೆ, ಯಾವಾಗ ಸರಿ ಮಾಡ್ತೀರಿ?" ಎಂದರೆ "ಬೊ". ಊಟಕ್ಕೆ ಕುಳಿತು, ತಟ್ಟೆಯಲ್ಲಿ ಮತ್ತೆ ಹುರಿದ ಬದನೆಕಾಯಿ ಕಂಡು, "ಕೆ ಪಾಲ್ಲೆ," ಎಂದು ನಿಟ್ಟುಸಿರಿಟ್ಟ.

"ಹಾಗಂದ್ರೇನ್ರೀ?"

ಮೇಸ್ತ್ರಿ ಸತ್ಯಸಂಧನೇ. ಆದರೆ ಹಸಿದಿದ್ದ. "ಬಹಳ ರುಚಿಯಾಗಿದೆ ಅಂತ ಕಣೇ," ಎಂದ.

ಅವಳು ಸೌಟು ಹಿಡಿದು ಹಾಗೆಯೇ ನಿಂತಳು. ಮದುವೆಯಾದಾಗಿನಿಂದ ಅಡುಗೆಯ ಬಗ್ಗೆ ಗಂಡನ ಬಾಯಿಂದ ಅವಳು ಕೇಳಿದ್ದು 'ಹಾಕು', 'ಸಾಕು', ಅಷ್ಟೆ. ತನ್ನ ಪಾಲಿನ ಹೋಳುಗಳನ್ನೂ ಅವನ ತಟ್ಟೆಗೆ ಹಾಕಿದಳು. ಮರುದಿನದಿಂದ ಬಡಿಸಿ ಅವನ ಮುಖ ನೋಡುತ್ತ ಕಾಯತೊಡಗಿದಳು. ಅವನು ಹೇಳಿದರೆ ಅವಳ ಮುಖ ಅರಳುವುದು, ಅವನು ತಟ್ಟೆಯನ್ನೇ ನೋಡುತ್ತ ತುತ್ತು ನುಂಗುವನು. ನಿಜ ಹೇಳೋಣವೆಂದರೆ ಆ ಮುಖ ನೋಡಿ ಬಾಯಿ ಬಾರದು. ಬೈಗುಳ ಅವಳ ಪಾಲಿಗೆ ಬಿರುದಾಗಿತ್ತು.

ಕಾರ್ಖಾನೆಯಲ್ಲಿ ಅವನ 'ಬೊ' ಕೇಳಿ ನಕ್ಕ ಮೆಕ್ಯಾನಿಕ್ ಅವನತ್ತಲೇ ಬೆರಳು ತೋರಿಸಿದ. ಕೊನೆಗೆ ಹೊಸ ಯಂತ್ರ ಮೇಸ್ತ್ರಿಗೇ ಎಂದಾಯಿತು. "ಆ ಪುಣ್ಯಾತ್ಮನನ್ನ ಊಟಕ್ಕೆ ಕರೀರಿ," ಎಂದಳು ಹೆಂಡತಿ. "ನಿಮಗೆ ನಾಲ್ಕು ಒಳ್ಳೆ ಮಾತು ಬಂದಿದ್ದೂ ಅವನಿಂದಲೇ."

ಮೇಸ್ತ್ರಿ ತಪ್ಪಿಸಲು ನೋಡಿದ, ಆಗಲಿಲ್ಲ. ಮೆಕ್ಯಾನಿಕ್ ಬಂದು ಕುಳಿತ. ಅವಳು ಬಡಿಸಿ, ಬದನೆಕಾಯಿಯತ್ತ ಕೈತೋರಿ, ನಾಚುತ್ತ ಕೇಳಿದಳು: "ಕೆ ಪಾಲ್ಲೆ?"

ಬಾಯಿಗೆ ಹೊರಟಿದ್ದ ತುತ್ತು ನಡುವೆಯೇ ನಿಂತಿತು. ಮೆಕ್ಯಾನಿಕ್ ಎದೆ ಮುಟ್ಟಿಕೊಂಡು, ತನಗೆ ಬರುವ ಹರಕು ಇಂಗ್ಲಿಷಿನಲ್ಲಿ, "ಐ... ಬೋರ್? ಐ ಗೋ?" ಎನ್ನುತ್ತ ಎದ್ದ.

ಅವಳಿಗೆ ಇಟಾಲಿಯನ್ ಬಾರದು, ಬೋರು ಬರುತ್ತದೆ. ಗಂಡನತ್ತ ತಿರುಗಿದಳು. "ಇಷ್ಟು ದಿನ ನೀವು ನನ್ನ ಅಡುಗೆಗೆ ಹೇಳ್ತಿದ್ದಿದ್ದು ಇದೇನಾ?"

ಮೇಸ್ತ್ರಿ ತಲೆ ತಗ್ಗಿಸಿದ. ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವನೇ ಕೈಸನ್ನೆ ಬಾಯ್ಸನ್ನೆ ಮಾಡಿ, ತಪ್ಪು ತನ್ನದೆಂದು ಅತಿಥಿಗೆ ತಿಳಿಸಿ ಕೂರಿಸಿದ. ಅತಿಥಿ ಒಂದು ಹೋಳು ಬಾಯಿಗಿಟ್ಟು ಕಣ್ಣು ಮುಚ್ಚಿದ. "ಲಾ ಫೀನೆ ದೆಲ್ ಮೊಂದೊ."

"ಏನಂತೆ?" ಎಂದಳು ಅವಳು, ಗಂಡನ ಮುಖ ನೋಡದೆ.

"ಲೋಕದ ಕೊನೆ ಅಂತ. ಅಂದ್ರೆ, ಇದಕ್ಕಿಂತ ರುಚಿ ಇನ್ನಿಲ್ಲ ಅಂತ. ದೇವರಾಣೆ, ಇದು ನಿಜ."

"ನೀವು ಹೇಳಿ. ನಮ್ಮ ಭಾಷೇಲಿ."

ಮೇಸ್ತ್ರಿ ಒಂದು ತುತ್ತು ತಿಂದ. ನಿಜಕ್ಕೂ ಚೆನ್ನಾಗಿತ್ತು. ಹೇಳಿಯೇ ಬಿಡಬೇಕೆಂದು ಬಾಯಿ ತೆರೆದ. ಮಾತು ಎದೆಯಿಂದ ಹೊರಟು, ನಡೆದು ಅಭ್ಯಾಸವಿಲ್ಲದ ದಾರಿಯಲ್ಲಿ ಎಲ್ಲೋ ಎಡವಿತು.

"ಉಪ್ಪು ಸ್ವಲ್ಪ ಮುಂದಾಗಿದೆ," ಎಂದ.

ಅವಳು ಅವನ ತಟ್ಟೆ ಎತ್ತಿ ಅತಿಥಿಯ ಮುಂದಿಟ್ಟು ಒಳಗೆ ಹೋದಳು. ಅತಿಥಿಗೆ ಏನೂ ತಿಳಿಯಲಿಲ್ಲ. ಸಂತೋಷದಿಂದ ಅದನ್ನೂ ತಿಂದ.