ಮಣ್ಣು ಹೊರುವ ದಿನ ಬಂದ ಗಿರಾಕಿ

ಮದುವೆಯಾದ ಮಾರನೆಯ ದಿನ, ಬೆಟ್ಟ ಹತ್ತುವ ಬಸ್ಸಿನ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ನಾಳೆಯಪ್ಪ ತನ್ನ ಅತ್ತೆಗೆ ಒಂದು ಮಾತು ಕೊಟ್ಟಿದ್ದ.

"ಅಳಬೇಡಿ ಅತ್ತೆ. ಒಂದೆರಡು ಬೆಳೆ ತೆಗೆದು, ಮನೆ ಹೊಲ ಮಾರಿ, ನಿಮ್ಮ ಮಗಳನ್ನ ನಿಮ್ಮ ಕಣ್ಣೆದುರಿಗೇ ತಂದು ಇಡ್ತೀನಿ."

ಅತ್ತೆ ಅಳುತ್ತಿರಲಿಲ್ಲ, ಕಣ್ಣಿಗೆ ಬಸ್ಸಿನ ಹೊಗೆ ಹೋಗಿತ್ತು ಅಷ್ಟೆ. ಆದರೆ ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡು, ಹತ್ತು ವರ್ಷದ ಹಿಂದಿನ ಗಿರಾಕಿಯ ತೋಳಿನ ಅಳತೆಯನ್ನೂ ಬಾಯಲ್ಲೇ ಹೇಳುವ ಹೆಂಗಸು ಅವರು. ಅಳಿಯನ ಮಾತನ್ನೂ ಹಾಗೇ ಅಳೆದು ಇಟ್ಟುಕೊಂಡರು.

ಆಗ ಅವನಿಗೆ ನಾಳೆಯಪ್ಪ ಎಂಬ ಅಡ್ಡಹೆಸರು ಇರಲಿಲ್ಲ. ಅದು ಆಮೇಲೆ ಬಂತು. ಆಲೂಗಡ್ಡೆಗೆ ಬೆಲೆ ಬಂದ ವರ್ಷ "ಇಂಥಾ ಹೊಲ ಯಾರಾದ್ರೂ ಈಗ ಮಾರ್ತಾರಾ, ನಾಳೆ ನೋಡೋಣ" ಎನ್ನುತ್ತಿದ್ದ. ಬೆಲೆ ಬಿದ್ದ ವರ್ಷ "ಈಗ ಯಾರು ತಗೋತಾರೆ, ನಾಳೆ ನೋಡೋಣ" ಎನ್ನುತ್ತಿದ್ದ. ತಪ್ಪು ಪೂರ್ತಿ ಅವನದೂ ಅಲ್ಲ. ಗೋಡೆಗೆ ಹಲ್ಲಿ ಅಂಟಿಕೊಂಡಂತೆ ಬೆಟ್ಟಕ್ಕೆ ಅಂಟಿಕೊಂಡ ಊರು ಅದು. ಅಲ್ಲಿ ಜಮೀನು ಕೊಳ್ಳಲು ಹೊರಟವರಲ್ಲಿ ಅರ್ಧ ಜನ ದಾರಿಯಲ್ಲೇ ಸುಸ್ತಾಗಿ ವಾಪಸು ಹೋಗಿದ್ದರು. ಉಳಿದರ್ಧ ಜನ ಹೊರಟೇ ಇರಲಿಲ್ಲ.

ಈ ವರ್ಷ ಅತ್ತೆಯೇ ಫೋನು ಮಾಡಿದರು. "ಅಳಿಯಂದ್ರೇ, ಈ ಬೆಳೆ ಆದ್ಮೇಲೂ ನಾಳೆ ಅಂದ್ರೆ ನಾನೇ ಬಂದು ಮಗಳನ್ನ ಕರ್ಕೊಂಡ್ಹೋಗ್ತೀನಿ. ನೀವು ಆಲೂಗಡ್ಡೆ ಜೊತೆ ಸಂಸಾರ ಮಾಡ್ಕೊಂಡಿರಿ."

ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. "ಹಾಗನ್ಬೇಡಮ್ಮ" ಎಂಬ ಒಂದು ಮಾತೂ ಅವಳ ಬಾಯಿಂದ ಬರಲಿಲ್ಲ. ನಾಳೆಯಪ್ಪನಿಗೆ ಅತ್ತೆಯ ಮಾತಿಗಿಂತ ಇದೇ ಹೆಚ್ಚು ಭಯ ತಂದಿತು. ಆದ್ದರಿಂದ ಒಬ್ಬ ದಲ್ಲಾಳಿ ಫೋನು ಮಾಡಿ "ಗುರುವಾರ ಪಾರ್ಟಿ ಕರ್ಕೊಂಡು ಬರ್ತೀನಿ, ಗಟ್ಟಿ ಪಾರ್ಟಿ" ಎಂದಾಗ ಅವನು ಜೀವನದಲ್ಲೇ ಮೊದಲ ಸಲ ನಾಳೆ ಎನ್ನದೆ "ಆಗ್ಲಿ" ಎಂದುಬಿಟ್ಟ. ಫೋನು ಇಟ್ಟ ಮೇಲೆ ನೆನಪಾಯಿತು, ಗುರುವಾರ ತನ್ನ ಹೊಲದ ಮಣ್ಣು ಹೊರುವ ದಿನ.

ಆ ಇಳಿಜಾರಿನಲ್ಲಿ ಮಳೆಗಾಲ ಪೂರ್ತಿ ಹೊಲದ ಮಣ್ಣು ಮೆಲ್ಲಗೆ ಜಾರಿ ಕೆಳಗಿನ ಕಲ್ಲುಕಟ್ಟೆಗೆ ಬಂದು ಕೂರುತ್ತದೆ. ಬೆಳೆ ತೆಗೆದ ಮೇಲೆ ಅದನ್ನು ಬುಟ್ಟಿಗೆ ತುಂಬಿ, ಹೊತ್ತು, ಮತ್ತೆ ಹೊಲದ ತಲೆಗೆ ಸುರಿಯಬೇಕು. ದಿನಕ್ಕೊಬ್ಬರ ಹೊಲ, ಊರೆಲ್ಲ ಕೈ ಹಾಕುತ್ತದೆ. ಮದುವೆಯ ದಿನ ಬೇಕಾದರೆ ಮುಂದೆ ಹಾಕಬಹುದು, ಮಣ್ಣಿನ ಸರದಿ ಮುಂದೆ ಹಾಕುವಂತಿಲ್ಲ. ಒಬ್ಬನ ದಿನ ತಪ್ಪಿದರೆ ಊರಿನವರ ದಿನವೆಲ್ಲ ತಪ್ಪುತ್ತದೆ. ಆದರೆ ವರ್ಷಕ್ಕೊಮ್ಮೆ ಮನೆ ಬಿಟ್ಟು ಓಡಿಹೋಗುವ ಜಮೀನನ್ನು ಕಣ್ಣಾರೆ ಕಂಡ ಮೇಲೆ ಯಾವ ಪಾರ್ಟಿ ತಾನೇ ಗಟ್ಟಿಯಾಗಿ ನಿಲ್ಲುತ್ತದೆ?

ನಾಳೆಯಪ್ಪ ಈ ಸಂಕಟವನ್ನು ಊರಿನ ಅಂಗಡಿಯವನೊಬ್ಬನಿಗೇ, ಅದೂ ಕಿವಿಯಲ್ಲಿ ಹೇಳಿದ. ಸಂಜೆಯ ಹೊತ್ತಿಗೆ ಊರೇ ಅವನ ಜಗಲಿಯಲ್ಲಿ ಕೂತಿತ್ತು. ಅವನ ಮನೆ ಒಳ್ಳೆ ಬೆಲೆಗೆ ಹೋದರೆ ನಾಳೆ ನಮ್ಮದಕ್ಕೂ ಬೆಲೆ ಬಂತು ಎಂಬ ಆಸೆ ಎಲ್ಲರ ಮುಖದಲ್ಲೂ ದೀಪ ಹಚ್ಚಿತ್ತು.

ನಿವೃತ್ತ ಮೇಷ್ಟರು ತೀರ್ಪು ಕೊಟ್ಟರು. "ಮಣ್ಣು ಹೊರೋಣ. ಆದ್ರೆ ಯಾಕೆ ಅಂತ ಮಾತ್ರ ಹೇಳಬಾರದು. ಕೇಳಿದ್ರೆ ಎಲ್ಲರೂ ಒಂದೇ ಉತ್ತರ ಕೊಡ್ಬೇಕು."

ಎಲ್ಲರೂ ತಲೆಯಾಡಿಸಿ ಮನೆಗೆ ಹೋದರು. ಆ ಒಂದು ಉತ್ತರ ಯಾವುದೆಂದು ಕೇಳಲು ಯಾರಿಗೂ ಹೊಳೆಯಲಿಲ್ಲ.

ಗುರುವಾರ ಹೊತ್ತು ಏರುವಾಗ ದಲ್ಲಾಳಿ ಬಂದ. ಕಮ್ಮಾರನ ತಿದಿಯ ಹಾಗೆ ಏದುಸಿರು ಬಿಡುತ್ತಿದ್ದ.

"ಪಾರ್ಟಿ ಎಲ್ಲಿ?" ಎಂದ ನಾಳೆಯಪ್ಪ.

"ಕೆಳಗೆ ಜೀಪಲ್ಲಿದ್ದಾರೆ. ನಾನು ನೋಡಿ ಸೈ ಅಂದ್ರೆ ಹತ್ತಿ ಬರ್ತಾರೆ." ದಲ್ಲಾಳಿ ಬೆವರು ಒರೆಸಿಕೊಂಡು ಹೊಲದ ಕಡೆ ತಿರುಗಿದ. ಇರುವೆ ಸಾಲಿನ ಹಾಗೆ ಜನ ಬುಟ್ಟಿ ಹೊತ್ತು ಮೇಲೆ ಹೋಗುತ್ತಿದ್ದರು, ಖಾಲಿ ಬುಟ್ಟಿ ಹಿಡಿದು ಕೆಳಗೆ ಬರುತ್ತಿದ್ದರು. "ಇದೇನು ಮೆರವಣಿಗೆ?"

"ಮಣ್ಣು ಜಾಸ್ತಿ ಆಗ್ಬಿಟ್ಟಿದೆ ಸಾರ್," ಎಂದ ಅಂಗಡಿಯವನು. "ಕೆಳಗೆ ಇಡೋಕೆ ಜಾಗ ಇಲ್ಲ."

ಅದೇ ಗಳಿಗೆಗೆ ಮೇಷ್ಟರು, "ವ್ಯಾಯಾಮ. ಈ ಊರಿಗೆ ಆಸ್ಪತ್ರೆ ಯಾಕಿಲ್ಲ ಅಂದ್ಕೊಂಡ್ರಿ? ಬೇಕಾಗಿಲ್ಲ, ಅದಕ್ಕೆ," ಎಂದವರೇ ಸೊಂಟ ಹಿಡಿದುಕೊಂಡು ಅಲ್ಲೇ ಕುಸಿದು ಕೂತರು.

ದಲ್ಲಾಳಿ ಇಬ್ಬರನ್ನೂ ನೋಡಿದ. ನಾಳೆಯಪ್ಪ ಮಧ್ಯೆ ಬಾಯಿ ಹಾಕಿದ. "ಹಾಗಲ್ಲ, ಮೇಲ್ಮನೆ ಅಜ್ಜಿ ಉಂಗುರ ಬಿದ್ದೋಗಿದೆ. ಪಾಪ, ಎಲ್ಲರೂ ಮಣ್ಣು ಜಾಲಾಡ್ತಿದ್ದಾರೆ," ಎಂದುಬಿಟ್ಟ.

ಮೇಲ್ಮನೆ ಅಜ್ಜಿ ಸರಿಯಾಗಿ ಆಗಲೇ ಬುಟ್ಟಿ ಇಳಿಸಿದಳು. "ನನ್ನ ಉಂಗುರಾನಾ? ಇಲ್ಲೇ ಇದೆಯಲ್ಲೋ," ಎಂದು ಬೆರಳು ಎತ್ತಿ ತೋರಿಸಿದಳು. ಆಮೇಲೆ ದಲ್ಲಾಳಿಯ ಕಡೆ ತಿರುಗಿ, "ಇವರ ಮಾತು ಕೇಳ್ಬೇಡಪ್ಪ. ಈ ಊರಲ್ಲಿ ಮನುಷ್ಯರಿಗಿರೋ ಆಸೆ ಮಣ್ಣಿಗೂ ಇದೆ, ಪೇಟೆ ಕಡೆ ಇಳಿಯೋದು. ನಾವು ವರ್ಷಕ್ಕೊಂದ್ಸಲ ಕಿವಿ ಹಿಡಿದು ವಾಪಸು ತಂದು ಕೂರಿಸ್ತೀವಿ," ಎಂದಳು.

ಬುಟ್ಟಿಗಳೆಲ್ಲ ಇದ್ದಲ್ಲೇ ನಿಂತವು. ಊರಿನ ಮನೆಗಳ ಬೆಲೆಯೆಲ್ಲ ಒಟ್ಟಿಗೆ ಕಣಿವೆಗೆ ಉರುಳಿದ ಸದ್ದು ಅಂಗಡಿಯವನಿಗೆ ಕೇಳಿಸಿರಬೇಕು, ಕಣ್ಣು ಮುಚ್ಚಿಕೊಂಡ.

ವಿಚಿತ್ರವೆಂದರೆ ನಾಳೆಯಪ್ಪನ ಎದೆ ಹಗುರಾಯಿತು. ವ್ಯಾಪಾರ ಮುರಿಯಿತು, ಈ ಹೊಲ ಬಿಡಬೇಕಾಗಿಲ್ಲ, ಬಿತ್ತನೆಯ ಆಲೂಗಡ್ಡೆ ಅಟ್ಟದ ಮೇಲೆ ಮೊಳಕೆ ಒಡೆಯುತ್ತಿದೆ. ಮರುಕ್ಷಣ ಬಾಗಿಲಲ್ಲಿ ನಿಂತ ಹೆಂಡತಿ ಕಂಡಳು. ಹೊಲ ಉಳಿದು ಇವಳು ಹೋದರೆ?

ದಲ್ಲಾಳಿ ಮಾತ್ರ ಆರಾಮವಾಗಿ ಕಟ್ಟೆಯ ಮೇಲೆ ಕೂತ. "ಮಣ್ಣಿನ ವಿಷಯ ಪಾರ್ಟಿಗೆ ಗೊತ್ತು ಬಿಡಿ. ಅವರು ಕೇಳಿರೋದೇ ಬೇರೆ. ಮುಂದಿನ ಕೋಣೆಗೆ ಸಂಜೆವರೆಗೂ ಬೆಳಕಿರುತ್ತಾ?"

"ಇರುತ್ತೆ," ಎಂದಳು ಹೆಂಡತಿ.

"ಅಕ್ಕಪಕ್ಕದವರು ಮಾತಾಡ್ತಾರಾ?"

"ಮಾತಾಡ್ತಾರಾ ಅಂತ ಕೇಳ್ಬೇಡಿ. ನಿಲ್ಲಿಸ್ತಾರಾ ಅಂತ ಕೇಳಿ."

"ಹಾಗಾದ್ರೆ ಕೊನೇದು. ಈಗಿರೋ ಗಂಡ ಹೆಂಡ್ತಿ ಮನೆ ಬಿಟ್ಟು ಹೋಗ್ಬಾರದು. ಹೊಲ ಅವರೇ ನೋಡ್ಕೋಬೇಕು. ಒಪ್ಪಿಗೆನಾ?"

ಮನೆ ಮಾರಿ ಮನೆಯಲ್ಲೇ ಇರುವುದು. ಹಲ್ಲು ಕಿತ್ತು ಅದೇ ಬಾಯಲ್ಲಿ ಇಟ್ಟುಕೊಳ್ಳಿ ಎಂದ ಹಾಗಾಯಿತು ನಾಳೆಯಪ್ಪನಿಗೆ. ಹೆಂಡತಿಯ ಮುಖ ನೋಡಿದ. ಅವಳು ಹೂಂ ಎಂದು ಕಣ್ಣಲ್ಲೇ ಹೇಳಿದಳು. ಅವನು ಬೆಲೆ ಕೇಳುವುದನ್ನೂ ಮರೆತು ದಲ್ಲಾಳಿಯ ಕೈಗೆ ಕೈ ಹಾಕಿದ. ದಲ್ಲಾಳಿ ಎದ್ದು ನಿಂತು ಕೆಳಗಿನ ತಿರುವಿಗೆ ಕೇಳುವಂತೆ ಸಿಳ್ಳೆ ಹಾಕಿದ.

ಸ್ವಲ್ಪ ಹೊತ್ತಿಗೆ ಇಬ್ಬರು ಕೂಲಿಯವರ ಹೆಗಲ ಮೇಲೆ ಒಂದು ಹೊಲಿಗೆ ಮಿಷಿನ್ನು ಹತ್ತಿ ಬಂತು. ಅದರ ಹಿಂದೆ, ಕೊಡೆ ಊರಿಕೊಂಡು, ಅತ್ತೆ.

"ನೀವು ಇಳಿದು ಬರ್ಲಿ ಅಂತ ಕಾಯ್ತಾ ಕೂತಿದ್ರೆ ಅಲ್ಲೇ ನನ್ನ ಆಯಸ್ಸು ಮುಗೀತಿತ್ತು," ಎಂದರು ಅತ್ತೆ, ಉಸಿರು ಹಿಡಿದುಕೊಳ್ಳುತ್ತ. "ಅಂಗಡಿ ಎದುರಿಗೆ ದೊಡ್ಡ ಕಟ್ಟಡ ಎದ್ದು ಮಟಮಟ ಮಧ್ಯಾಹ್ನ ದೀಪ ಹಾಕ್ಕೊಂಡು ಸೂಜಿಗೆ ದಾರ ಪೋಣಿಸೋ ಹಾಗಾಯ್ತು. ಪಕ್ಕದವರು ಮುಖ ಕೊಟ್ಟು ಮಾತಾಡಲ್ಲ. ಮಾರಿಬಿಟ್ಟೆ. ನಾನೇ ಬರ್ತೀನಿ ಅಂದಿದ್ರೆ ನೀವು ನಾಳೆ ಬನ್ನಿ ಅಂತಿದ್ರಿ. ಅದಕ್ಕೇ ಇವರ ಕೈಲಿ ಹೇಳಿಸ್ದೆ."

ನಾಳೆಯಪ್ಪ ಹೆಂಡತಿಯ ಕಡೆ ತಿರುಗಿದ. "ನಿಂಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು."

"ನಂಗ್ಯಾಕೆ ಹೇಳ್ಲಿಲ್ಲ?"

"ನಿಮಗೆ ಹೇಳೋದೂ ಒಂದೇ, ಅಂಗಡಿಯವರಿಗೆ ಹೇಳೋದೂ ಒಂದೇ."

ಅಂಗಡಿಯವನು ಗಂಭೀರವಾಗಿ ಬುಟ್ಟಿಯ ತಳ ಪರೀಕ್ಷಿಸತೊಡಗಿದ. ಮೇಲ್ಮನೆ ಅಜ್ಜಿ ಆಗಲೇ ಅತ್ತೆಯ ಕೈ ಹಿಡಿದು ರವಿಕೆಯ ತೋಳಿನ ಮಾತು ತೆಗೆದಿದ್ದಳು. ನಾಳೆಯಪ್ಪ ಕಟ್ಟೆಯ ಮೇಲೆ ಕುಸಿದು ಕೂತು, ಮದುವೆಯಾದಾಗಿನಿಂದ ಹಿಡಿದಿಟ್ಟಿದ್ದ ಉಸಿರನ್ನು ಪೂರ್ತಿ ಬಿಟ್ಟ. ಹೆಂಡತಿ ಹೋಗುವುದಿಲ್ಲ. ಬೆಟ್ಟ ಇಳಿಯಬೇಕಾಗಿಲ್ಲ. ಮೇಲಾಗಿ ಕೈಗೆ ದುಡ್ಡೂ ಬರುತ್ತದೆ.

"ಕ್ರಯದ ದುಡ್ಡು ಮಗಳ ಹೆಸರಿಗೆ ಹಾಕ್ತೀನಿ," ಎಂದರು ಅತ್ತೆ. "ನಿಮ್ಮ ಕೈಗೆ ಕೊಟ್ರೆ ಅದೂ ನಾಳೆ ಆಗುತ್ತೆ. ಅಂದ ಹಾಗೆ ಕೂತ್ಬಿಟ್ರಲ್ಲ, ನನ್ನ ಹೊಲದ ಮಣ್ಣು ಇನ್ನೂ ಅರ್ಧ ಕೆಳಗೇ ಇದೆ."

ನಾಳೆಯಪ್ಪ ಎದ್ದು ಬುಟ್ಟಿ ತುಂಬಿದ. ಬೆಳಿಗ್ಗೆ ಸ್ವಂತ ಮಣ್ಣು ಹೊರುತ್ತಿದ್ದವನು ಈಗ ಅತ್ತೆಯ ಮಣ್ಣು ಹೊತ್ತು ಮೇಲೆ ಹತ್ತಿದ. ಭಾರ ಅಷ್ಟೇ ಇತ್ತು. ಮುಂದಿನ ಕೋಣೆಯ ಕಿಟಕಿಯಲ್ಲಿ ಮಿಷಿನ್ನು ಕೂತಾಗಿತ್ತು. ಅದರ ಹಿಂದೆ ಅತ್ತೆ ಕೂತು, ಒಂದು ಕಣ್ಣು ಮಗಳ ಮೇಲೆ, ಇನ್ನೊಂದು ಕಣ್ಣು ಬುಟ್ಟಿಯ ಮೇಲೆ ಇಟ್ಟಿದ್ದರು.

ಮಗಳು ತಾಯಿಯ ಕಣ್ಣೆದುರಿಗಿದ್ದಳು. ನಾಳೆಯಪ್ಪ ಕೊಟ್ಟ ಮಾತು ನೆರವೇರಿತು.